ಮೊಬೈಲಿನಿಂದ ಗೋಡೆಗೆ: ಮುಂಬೈ ಮನೆಯಲ್ಲಿ ಕುಟುಂಬದ ಫೋಟೋ ಪ್ರಿಂಟ್ ಮಾಡುವುದು ಹೇಗೆ

ಅಪ್ಪ ತೀರಿಕೊಂಡ ದಿನ ಮನೆಯಲ್ಲಿ ಕೈಗೆ ಸಿಕ್ಕಿದ್ದು ಅವರ ಒಂದೇ ಒಂದು ಫೋಟೋ. ಅದೂ ಪಾಸ್‌ಪೋರ್ಟ್ ಸೈಜಿನದು. ಬ್ಯಾಂಕಿನ ಕೆಲಸಕ್ಕೆ ಅಂತ ಯಾವಾಗಲೋ ತೆಗೆಸಿದ್ದು. ಅದನ್ನೇ ಹಿಡಿದುಕೊಂಡು ಡೊಂಬಿವಲಿ ಸ್ಟೇಷನ್ ಪಕ್ಕದ ಒಂದು ಸ್ಟುಡಿಯೋಗೆ ಓಡಿದೆ. ಒಂದು ಗಂಟೆಯಲ್ಲಿ ದೊಡ್ಡ ಫೋಟೋ ಮಾಡಿ ಕೊಟ್ಟರು. ಮುಖ ಮೇಣ ಬಳಿದ ಹಾಗೆ ನುಣ್ಣಗಾಗಿತ್ತು. ಅಪ್ಪನ ಎಡ ಹುಬ್ಬಿನ ಮೇಲೊಂದು ಸಣ್ಣ ಗುರುತಿತ್ತು, ಹೋಟೆಲಿನಲ್ಲಿ ಗೋಳಿಬಜೆ ಕರಿಯುವಾಗ ಎಣ್ಣೆ ಸಿಡಿದು ಆದದ್ದು. ಅದು ಅಳಿಸಿಹೋಗಿತ್ತು. 13 ದಿನವೂ ಆ ಫೋಟೋಗೇ ಹಾರ ಹಾಕಿದೆವು. "ಇದು ಅವರ ಹಾಗೇ ಇಲ್ಲ" ಅಂತ ಅಮ್ಮ ಒಂದು ಸಲ ಹೇಳಿದರು. ಮತ್ತೆ ಹೇಳಲಿಲ್ಲ.

ಆಗ ನನ್ನ ಮೊಬೈಲಿನಲ್ಲಿ ಸಾವಿರಗಟ್ಟಲೆ ಫೋಟೋ ಇದ್ದವು. ಅಪ್ಪನದೂ ಇದ್ದವು, ಬಾಯಿ ತುಂಬ ನಗುತ್ತಿದ್ದವೂ ಇದ್ದವು. ಆದರೆ ಅಂಥ ಹೊತ್ತಲ್ಲಿ ಕೂತು ಹುಡುಕುವ ಮನಸ್ಸು ಯಾರಿಗೆ ಬರುತ್ತೆ?

ನಮ್ಮ ಕಡೆ ಮನುಷ್ಯ ಹೋದ ಮೇಲೆ ಫೋಟೋ ಗೋಡೆ ಏರುತ್ತದೆ. ಇರುವಾಗಲೇ ಏರಬೇಕು ಅನ್ನುವುದು ನನ್ನ ಆಸೆ. ಎ4 ಹಾಳೆ ಹಿಡಿಯುವ ಒಂದು ಇಂಕ್‌ಟ್ಯಾಂಕ್ ಪ್ರಿಂಟರ್ (ಬಾಟಲಿಯಿಂದ ಇಂಕ್ ಸುರಿದು ತುಂಬಿಸುವ ಇಂಕ್‌ಜೆಟ್), ಒಳ್ಳೆ ಪೇಪರ್, ಎರಡು ಭಾನುವಾರ ಇದ್ದರೆ ಸಾಕು. ನಾನು ನಾಲ್ಕು ವರ್ಷದಿಂದ ಮಾಡಿಕೊಂಡು ಬಂದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಗೋಡೆಯಿಂದ ಶುರು ಮಾಡಿ

ಎಲ್ಲರೂ ಮೊದಲು ಪ್ರಿಂಟರ್ ಯಾವುದು ಅಂತ ಕೇಳುತ್ತಾರೆ. ಮುಂಬೈಯಲ್ಲಿ ಮೊದಲು ನೋಡಬೇಕಾದ್ದು ಗೋಡೆಯನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೈಋತ್ಯದಿಂದ ಬೀಸಿ ಹೊಡೆಯುತ್ತದೆ. ಪಶ್ಚಿಮಕ್ಕೋ ದಕ್ಷಿಣಕ್ಕೋ ಇರುವ ಹೊರಗೋಡೆ ನೀರು ಕುಡಿಯುತ್ತದೆ. ಒಳಗೆ ಬಣ್ಣ ಉಬ್ಬುತ್ತದೆ, ಪುಡಿ ಉದುರುತ್ತದೆ. ಅಂಥ ಗೋಡೆಗೆ ಫ್ರೇಮ್ ಒತ್ತಿ ಹಾಕಿದರೆ ಹಿಂದೆ ಗಾಳಿಯೇ ಆಡಲ್ಲ.

ನನ್ನ ಮೊದಲ ಫ್ರೇಮ್ ಹಾಗೇ ಹೋಯಿತು. ಹಾಲಿನ ಪಶ್ಚಿಮದ ಗೋಡೆಗೆ ಮಗಳ ಮೊದಲ ಹುಟ್ಟುಹಬ್ಬದ ಫೋಟೋ ಹಾಕಿದ್ದೆ. ಗಣೇಶ ಚೌತಿಗೆ ಮನೆ ಒರೆಸುವಾಗ ಇಳಿಸಿ ನೋಡಿದರೆ ಹಿಂದಿನ ರಟ್ಟಿನ ತುಂಬ ಕಪ್ಪು ಬೂಸ್ಟು. ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದೆ. ಮಗುವಿನ ಒಂದು ಕೆನ್ನೆಯ ಬಣ್ಣ ಪೂರ್ತಿ ಗಾಜಿನ ಮೇಲೇ ಉಳಿಯಿತು.

ಗೋಡೆ ಒಣಗಿದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಒಳಮೈ ಮಂಜಾಗಿದ್ದರೆ ಅಥವಾ ಹನಿ ಕಟ್ಟಿದ್ದರೆ ಆ ಗೋಡೆ ಬೇಡ. ಈ ಪರೀಕ್ಷೆಯನ್ನ ಮಳೆಗಾಲದಲ್ಲೇ ಮಾಡಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಳ್ಳೆಯದೇ.

ಎರಡು ಕೋಣೆಗಳ ನಡುವಿನ ಒಳಗೋಡೆ ಎಲ್ಲಕ್ಕಿಂತ ಒಳ್ಳೆಯದು. ಬಚ್ಚಲಿನ ಬೆನ್ನಿಗಿರುವ ಗೋಡೆ ಬೇಡ. ಒಗ್ಗರಣೆಯ ಹೊಗೆ ಬರುವ ಕಡೆ ಬೇಡ, ಗಾಜಿನ ಮೇಲೆ ಜಿಡ್ಡು ಕೂರುತ್ತದೆ. ನೇರ ಬಿಸಿಲು ಬೀಳುವ ಜಾಗವೂ ಬೇಡ. ಮನೆಯ ಇಂಕ್‌ಜೆಟ್ ಪ್ರಿಂಟಿನ ಬಣ್ಣ ಬಿಸಿಲಿಗೆ ಮಾಸುತ್ತದೆ.

ಜಾಗ ಗೊತ್ತಾದ ಮೇಲೆ ಹಳೇ ಪೇಪರನ್ನ ಫ್ರೇಮಿನ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ನೋಡಿ. ಮೇಜಿನ ಮೇಲೆ ದೊಡ್ಡದಾಗಿ ಕಾಣುವ ಎ4, ಹತ್ತು ಅಡಿಯ ಗೋಡೆಯಲ್ಲಿ ಅಂಚೆಚೀಟಿಯ ಹಾಗೆ ಕಾಣುತ್ತದೆ. ಒಂದು ಸಾಕಾ, ಮೂರು ಬೇಕಾ ಅನ್ನುವುದು ಇಲ್ಲೇ ತೀರ್ಮಾನ ಆಗಲಿ.

ಯಾವ ಫೋಟೋ?

"ನನ್ನನ್ನ ಈಗ್ಲೇ ಗೋಡೆಗೆ ಹಾಕ್ಬೇಡ ಮಗಾ" ಅಂದರು ಅಮ್ಮ. ಅವರ ಮಾತು ನನಗೆ ಅರ್ಥ ಆಯಿತು. ಒಬ್ಬರೇ ಇರುವ, ಎದೆಮಟ್ಟದ, ನೇರ ಕ್ಯಾಮೆರಾ ನೋಡುವ ಫೋಟೋ ಅಂದರೆ ಹಿರಿಯರಿಗೆ ಗಂಧದ ಹಾರದ್ದೇ ನೆನಪು. ಅದನ್ನ ವಾದ ಮಾಡಿ ಗೆಲ್ಲಬೇಡಿ. ಏನಾದರೂ ಕೆಲಸದಲ್ಲಿ ಇರುವ, ಜೊತೆಗೆ ಇನ್ನೊಬ್ಬರಿರುವ ಫೋಟೋ ಆರಿಸಿ. ನಮ್ಮ ಮನೆಯಲ್ಲಿ ಹಾಕಿದ್ದು ಅಮ್ಮ ಅಡುಗೆಮನೆ ಹೊಸ್ತಿಲಲ್ಲಿ ಕೂತು ಬಸಳೆ ಬಿಡಿಸುತ್ತಿರುವುದು. ಮೊಮ್ಮಗಳು ಎಲೆ ಎಣಿಸುತ್ತಿದ್ದಾಳೆ. ಇಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಅದಕ್ಕೆ ಅಮ್ಮ ಬೇಡ ಅನ್ನಲಿಲ್ಲ. ಈಗ ಬಂದವರಿಗೆಲ್ಲ ತಾವೇ ತೋರಿಸುತ್ತಾರೆ.

ಹೊಸದಾಗಿ ತೆಗೆಯುವುದಾದರೆ ಮೋಡ ಕವಿದ ದಿನ ಕಿಟಕಿ ಪಕ್ಕ ಕೂರಿಸಿ. ಮಳೆಗಾಲದ ಬೆಳಕು ಮುಖಕ್ಕೆ ತುಂಬ ಮೆದು. ಟ್ಯೂಬ್‌ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಒಂದು ಕೆನ್ನೆಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು ಬಣ್ಣ ಬರುತ್ತದೆ. ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗುತ್ತದೆ. ಆರೇಳು ಅಡಿ ಹಿಂದೆ ಸರಿದು 2ಎಕ್ಸ್ ಝೂಮ್ ಒತ್ತಿ. ತಲೆಯ ಮೇಲೆ, ಅಕ್ಕಪಕ್ಕ ಸ್ವಲ್ಪ ಜಾಗ ಜಾಸ್ತಿಯೇ ಇರಲಿ. ಆಮೇಲೆ ಕತ್ತರಿಸಲು ಬೇಕಾಗುತ್ತದೆ.

ಈಗ ಮುಖ್ಯವಾದ ಮಾತು. ವಾಟ್ಸಾಪಿನಲ್ಲಿ ಬಂದ ಫೋಟೋ ಪ್ರಿಂಟ್ ಮಾಡಬೇಡಿ. ಸಾಮಾನ್ಯವಾಗಿ ಕಳಿಸಿದ ಫೋಟೋ ಅಲ್ಲಿ ಕುಗ್ಗಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಬಂದಿರುತ್ತದೆ. ಹತ್ತಿರದಿಂದ ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 1600ನ್ನ 300ರಿಂದ ಭಾಗಿಸಿ, ಐದು ಇಂಚು ಚಿಲ್ಲರೆ. ಅಂದರೆ ಅದು ಪೋಸ್ಟ್‌ಕಾರ್ಡಿನಷ್ಟು ಪ್ರಿಂಟಿಗೆ ಸರಿ. ಎ4ಗೆ ಬೇಕಾದ್ದು 2480 × 3508 ಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋನಿನ ಮೂಲ ಫೋಟೋ ಸುಮಾರು 3000 × 4000 ಇರುತ್ತದೆ, ಆರಾಮಾಗಿ ಸಾಕು. ಬೆಂಗಳೂರಿನ ಅಕ್ಕನ ಹತ್ತಿರವೋ ಉಡುಪಿಯ ಚಿಕ್ಕಮ್ಮನ ಹತ್ತಿರವೋ ಫೋಟೋ ಇದ್ದರೆ, ಅದನ್ನ "ಡಾಕ್ಯುಮೆಂಟ್" ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಕುಗ್ಗಲ್ಲ.

ಹಳೇ ಫೋಟೋ ಇದ್ದರೆ

ಇದಕ್ಕೆ ಸಮಯ ಕೊಡಿ. ಹೊಸ ಫೋಟೋ ಕೆಟ್ಟರೆ ಇನ್ನೊಂದು ತೆಗೆಯಬಹುದು. ಅಜ್ಜಿಯದು ಒಂದೇ ಇರುತ್ತದೆ.

ಪ್ರಿಂಟರಿನ ಮೇಲೇ ಇರುವ ಸ್ಕ್ಯಾನರ್ ಸಾಕು. ಗಾಜನ್ನ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಫೋಟೋ ಮೇಲಿನ ಧೂಳನ್ನ ಮೆದು ಬ್ರಷ್‌ನಿಂದ ತೆಗೆಯಿರಿ, ಒದ್ದೆ ಬಟ್ಟೆ ತಾಗಿಸಬೇಡಿ. ಎಷ್ಟು ಡಿಪಿಐಗೆ (ಇಂಚಿಗೆ ಎಷ್ಟು ಚುಕ್ಕೆ) ಸ್ಕ್ಯಾನ್ ಮಾಡಬೇಕು ಅನ್ನುವುದು ಸರಳ ಲೆಕ್ಕ. 300ಕ್ಕೆ ಸ್ಕ್ಯಾನ್ ಮಾಡಿದರೆ ಇದ್ದಷ್ಟೇ ದೊಡ್ಡ ಪ್ರಿಂಟ್ ಬರುತ್ತದೆ. 600ಕ್ಕೆ ಮಾಡಿದರೆ ಎರಡು ಪಟ್ಟು, 1200ಕ್ಕೆ ಮಾಡಿದರೆ ನಾಲ್ಕು ಪಟ್ಟು. ಕಪ್ಪು ಬಿಳುಪು ಫೋಟೋ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ, ಶಾಯಿಯ ಗುರುತು ಆಗ ಬೇರೆಯಾಗಿ ಕಾಣುತ್ತದೆ, ತೆಗೆಯುವುದು ಸುಲಭ.

ಅಪ್ಪನ ಆ ಪಾಸ್‌ಪೋರ್ಟ್ ಫೋಟೋವನ್ನ ನಾನು ಮತ್ತೆ ಹೀಗೇ ಮಾಡಿದೆ. 35 × 45 ಮಿಲಿಮೀಟರ್ ಇತ್ತು. 1200 ಡಿಪಿಐಗೆ ಸ್ಕ್ಯಾನ್ ಮಾಡಿದಾಗ ಸುಮಾರು 1650 × 2120 ಪಿಕ್ಸೆಲ್ ಸಿಕ್ಕಿತು. ಹೆಚ್ಚೆಂದರೆ 5 × 7 ಇಂಚಿಗೆ ಆಗುತ್ತದೆ. ಅದಕ್ಕಿಂತ ದೊಡ್ಡದು ಮಾಡಲು ಹೋಗಲಿಲ್ಲ. ಗೆರೆ, ಚುಕ್ಕೆಗಳನ್ನ ಮಾತ್ರ ಒಂದೊಂದಾಗಿ ಗಿಂಪ್‌ನಲ್ಲಿ ಅಳಿಸಿದೆ. ಗಿಂಪ್ ಪುಕ್ಕಟೆ ಸಿಗುವ ಸಾಫ್ಟ್‌ವೇರ್, ಮೊಬೈಲಿನಲ್ಲಾದರೆ ಸ್ನ್ಯಾಪ್‌ಸೀಡ್ ಇದೆ. ಮುಖದ ಚರ್ಮ ಮುಟ್ಟಲಿಲ್ಲ. ಪ್ರಿಂಟ್ ಹೊರಗೆ ಬರುವಾಗ ಮೊದಲು ಕೂದಲು ಬಂತು, ಆಮೇಲೆ ಹಣೆ, ಆಮೇಲೆ ಎಡ ಹುಬ್ಬು. ಗಾಯದ ಗುರುತು ಇತ್ತು. 5 × 7ರ ಪ್ರಿಂಟಿನ ಸುತ್ತ ಅಗಲದ ಬಿಳಿ ಮೌಂಟ್ (ನಡುವೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು) ಕೊಟ್ಟು ಎ4 ಫ್ರೇಮಿಗೆ ಹಾಕಿದೆ. ಸ್ಟುಡಿಯೋದ ದೊಡ್ಡ ಫೋಟೋ ಇಳಿಸಿ ಅದನ್ನೇ ಹಾಕಿದೆವು. ಅಮ್ಮ ಸೆರಗಿನಿಂದ ಗಾಜು ಒರೆಸಿದರು.

ಮುಖವನ್ನ ತಾನಾಗಿ ಚಂದ ಮಾಡುವ ಆ್ಯಪ್‌ಗಳನ್ನ ಹಳೇ ಫೋಟೋಗೆ ಬಳಸಬೇಡಿ ಅಂತ ನಾನು ಖಂಡಿತ ಹೇಳುತ್ತೇನೆ. ಇಲ್ಲದ ಕಣ್ಣು, ಇಲ್ಲದ ಹಲ್ಲು ತಂದು ಕೂರಿಸುತ್ತವೆ. ಆಗ ಅದು ನಮ್ಮ ಅಜ್ಜಿ ಆಗಿರಲ್ಲ.

ಊರಿನ ಮನೆಯ ಹಳೇ ಫ್ರೇಮಿನಲ್ಲಿ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬೇಡಿ. ಗಾಜು ಸಮೇತ ಮೊಬೈಲಿನಲ್ಲಿ ತೆಗೆಯಿರಿ. ಮನೆಯ ಪ್ರಿಂಟರಿನ ಸ್ಕ್ಯಾನರುಗಳು ಹೆಚ್ಚಾಗಿ ಗಾಜಿಗೆ ತಾಗಿದ ವಸ್ತುವನ್ನ ಮಾತ್ರ ಚೊಕ್ಕ ಕಾಣುತ್ತವೆ, ನಡುವೆ ಇನ್ನೊಂದು ಗಾಜು ಬಂದರೆ ಮಸುಕಾಗುತ್ತದೆ. ಫ್ರೇಮನ್ನ ಕಿಟಕಿ ಪಕ್ಕ ಗೋಡೆಗೆ ಒರಗಿಸಿ, ಬೆಳಕು ಬದಿಯಿಂದ ಬೀಳಲಿ. ಒಂದು ಕಪ್ಪು ಬಟ್ಟೆಗೆ ತೂತು ಮಾಡಿ, ಆ ತೂತಿನಲ್ಲಿ ಮೊಬೈಲಿನ ಲೆನ್ಸ್ ಮಾತ್ರ ಇಣುಕಲಿ. ನಿಮ್ಮ ನೆರಳು, ಅಂಗಿಯ ಬಣ್ಣ ಗಾಜಿನಲ್ಲಿ ಕಾಣಲ್ಲ.

ಅಳತೆಗೆ ಕತ್ತರಿಸುವುದು

ಮೊಬೈಲಿನ ಫೋಟೋ 4:3 ಆಕಾರದಲ್ಲಿರುತ್ತದೆ. ಎ4 ಸ್ವಲ್ಪ ಉದ್ದ, 8 × 12 ಇನ್ನೂ ಉದ್ದ, 8 × 10 ಗಿಡ್ಡ. ಪ್ರಿಂಟರಿಗೇ ಬಿಟ್ಟರೆ ಅದು ತನಗೆ ತೋಚಿದ ಕಡೆ ಕತ್ತರಿಸುತ್ತದೆ. ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತ ಮಾವನ ಅರ್ಧ ಭುಜ ಹೋಗುವುದು ಹೀಗೇ. ಫ್ರೇಮ್ ಮೊದಲು ಆರಿಸಿ, ಅದರ ಅಳತೆಗೆ ನೀವೇ ಕ್ರಾಪ್ ಮಾಡಿ. ಅಂಚಿಲ್ಲದೆ ಪ್ರಿಂಟ್ ಮಾಡುವ ಬಾರ್ಡರ್‌ಲೆಸ್ ಆಯ್ಕೆಯಲ್ಲಿ ಪ್ರಿಂಟರ್ ಚಿತ್ರವನ್ನ ಸ್ವಲ್ಪ ಹಿಗ್ಗಿಸಿ ಸುತ್ತಲೂ ಎರಡು ಮೂರು ಮಿಲಿಮೀಟರ್ ತಿನ್ನುತ್ತದೆ. ಅಷ್ಟು ಜಾಗ ಬಿಟ್ಟಿರಿ.

ಪ್ರಿಂಟರ್, ಇಂಕ್, ಪೇಪರ್

ಲೇಸರ್ ಪ್ರಿಂಟರ್ ಇದಕ್ಕೆ ಆಗಲ್ಲ. ಇಂಕ್‌ಜೆಟ್‌ನ ಹೊಳೆಯುವ ಪೇಪರನ್ನ ಲೇಸರಿಗೆ ಹಾಕಿದರೆ ಒಳಗಿನ ಬಿಸಿಗೆ ಪೇಪರಿನ ಲೇಪ ಕರಗಿ ಪ್ರಿಂಟರೇ ಹಾಳಾಗಬಹುದು.

ಮಕ್ಕಳ ಪ್ರಾಜೆಕ್ಟಿಗೆ ಅಂತ ತಂದ ನಾಲ್ಕು ಬಣ್ಣದ ಇಂಕ್‌ಟ್ಯಾಂಕ್ ಇದ್ದರೆ ಅದರಿಂದಲೇ ಶುರು ಮಾಡಿ. ಹೊಸದು ತಗೊಳ್ಳುವುದಿದ್ದರೆ ಮತ್ತು ಫೋಟೋವೇ ಮುಖ್ಯ ಆಗಿದ್ದರೆ ಆರು ಬಣ್ಣದ್ದು ನೋಡಿ, ಎಪ್ಸನ್ ಎಲ್8050 ಅಂಥದ್ದು. ಅದರಲ್ಲಿ ತಿಳಿ ನೀಲಿ, ತಿಳಿ ಗುಲಾಬಿ ಎರಡು ಹೆಚ್ಚಿರುತ್ತವೆ. ಕೆನ್ನೆ, ಹಣೆಯ ಬಣ್ಣ ಚುಕ್ಕೆ ಚುಕ್ಕೆಯಾಗದೆ ನಯವಾಗಿ ಬರುತ್ತದೆ.

ಇಂಕಿನಲ್ಲಿ ಎರಡು ಬಗೆ. ಡೈ ಇಂಕ್ ನೀರಿನಲ್ಲಿ ಕರಗಿದ ಬಣ್ಣ. ಹೊಳಪಿನ ಪೇಪರ್ ಮೇಲೆ ಚಂದ ಕಾಣುತ್ತದೆ, ಆದರೆ ಹನಿ ಬಿದ್ದರೆ ಹರಡುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಸಣ್ಣ ಕಣಗಳಿರುತ್ತವೆ. ಬಾಳಿಕೆ ಜಾಸ್ತಿ. ಕೆಲವು ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದದ್ದು ಡೈ. ಅಂಥದ್ದರಲ್ಲಿ "ಪೇಪರ್ ಟೈಪ್" ತಪ್ಪಾಗಿ ಪ್ಲೇನ್ ಪೇಪರ್ ಅಂತ ಬಿಟ್ಟರೆ ಆ ಕಪ್ಪು ಹೊಳಪಿನ ಹಾಳೆಗೆ ಹಿಡಿಯಲ್ಲ, ಬೆರಳು ತಾಗಿದರೆ ಕೂದಲಿನ ಕಪ್ಪು ಮುಖಕ್ಕೆ ಬರುತ್ತದೆ. ಗ್ಲಾಸಿ ಫೋಟೋ ಅಂತ ಆರಿಸಿದರೆ ಪ್ರಿಂಟರ್ ಬೇರೆ ಬಣ್ಣಗಳನ್ನ ಸೇರಿಸಿ ಕಪ್ಪು ಮಾಡುತ್ತದೆ. ಆ ಒಂದು ಸೆಟ್ಟಿಂಗ್ ಮರೆಯಬೇಡಿ.

ಪೇಪರ್ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಮಿನಲ್ಲಿ) ಮೇಲಿರಲಿ. ತೆಳ್ಳಗಿನದು ಮುಂಬೈಯ ಸೆಕೆಗೆ ಸುರುಳಿಯಾಗುತ್ತದೆ. ಗೋಡೆಗೆ ನನ್ನ ಆಯ್ಕೆ ಸ್ಯಾಟಿನ್ (ಸ್ವಲ್ಪವೇ ಹೊಳಪು) ಅಥವಾ ಮ್ಯಾಟ್ (ಹೊಳಪಿಲ್ಲದ್ದು). ಪೂರ್ತಿ ಗ್ಲಾಸಿ ಆದರೆ ಗಾಜಿನ ಹೊಳಪು, ಪೇಪರಿನ ಹೊಳಪು ಎರಡೂ ಸೇರಿ ಕಿಟಕಿಯೇ ಕಾಣುತ್ತದೆ, ಮುಖ ಕಾಣಲ್ಲ. ಯಾವ ಬದಿಗೆ ಪ್ರಿಂಟ್ ಅಂತ ಗೊತ್ತಾಗದಿದ್ದರೆ ಮೂಲೆಯನ್ನ ಒದ್ದೆ ಬೆರಳಿನಿಂದ ಮುಟ್ಟಿ, ಅಂಟಂಟಾಗುವ ಬದಿಯೇ ಸರಿ. ಉಳಿದ ಹಾಳೆಗಳನ್ನ ಜಿಪ್ ಕವರಿನಲ್ಲಿ ಹಾಕಿ ಕಪಾಟಿನಲ್ಲಿ ಮಲಗಿಸಿ ಇಡಿ.

ಪ್ರಿಂಟರ್, ಇಂಕ್ ನೋಡಲು ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದೆ. ಪೇಪರ್, ಮೌಂಟ್ ಬೋರ್ಡ್‌ಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್. ಹಳೇ ಮರದ ಫ್ರೇಮ್ ಇಷ್ಟ ಇದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಒಮ್ಮೆ ಸುತ್ತಿ. ಲೋಕಲ್‌ನಲ್ಲಿ ಪೇಪರ್ ತರುವಾಗ ಗಟ್ಟಿ ರಟ್ಟಿನ ನಡುವೆ ಇಟ್ಟುಕೊಳ್ಳಿ. ಮೂಲೆ ಮಡಚಿದ ಹಾಳೆ ಪ್ರಿಂಟರಿನ ಇಂಕ್ ಸಿಂಪಡಿಸುವ ಹೆಡ್ಡಿಗೆ ಉಜ್ಜಿ ಗೀರು ಬೀಳುತ್ತದೆ.

ಮೊದಲು ತುಂಡು, ಆಮೇಲೆ ಪೂರ್ತಿ

ವಾರಗಟ್ಟಲೆ ಪ್ರಿಂಟರ್ ಮುಟ್ಟಿಲ್ಲ ಅಂದರೆ ಸಾದಾ ಹಾಳೆಯಲ್ಲಿ ನಾಝಲ್ ಚೆಕ್ ಮಾಡಿ, ಇಂಕಿನ ತೂತುಗಳು ಕಟ್ಟಿವೆಯಾ ಅಂತ ಗೆರೆ ಹಾಕಿ ತೋರಿಸುವ ಪರೀಕ್ಷೆ ಅದು. ಗೆರೆ ತುಂಡಾಗಿದ್ದರೆ ಮಾತ್ರ ಹೆಡ್ ಕ್ಲೀನಿಂಗ್ ಕೊಡಿ, ಸುಮ್ನೆ ಕೊಟ್ಟರೆ ಇಂಕ್ ಹಾಳು.

ಮೊಬೈಲಿನ ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗಲ್ಲ. ಹಾಗಾಗಿ ಪರದೆಯಲ್ಲಿ ಚಂದ ಕಂಡದ್ದು ಪ್ರಿಂಟಿನಲ್ಲಿ ಮಂಕಾಗಿ ಬರುತ್ತದೆ. ನಮ್ಮಂಥ ಗೋಧಿಬಣ್ಣ, ಕಪ್ಪು ಮೈಬಣ್ಣಕ್ಕೆ ಇದು ಇನ್ನೂ ಜಾಸ್ತಿ ತಾಗುತ್ತದೆ, ಕಣ್ಣಿನ ಸುತ್ತ ಪೂರ್ತಿ ಕತ್ತಲಾಗುತ್ತದೆ. ಎ4 ಹಾಳೆ ಹಾಳು ಮಾಡುವ ಮೊದಲು 4 × 6ರ ಸಣ್ಣ ಫೋಟೋ ಪೇಪರಿನಲ್ಲಿ ಪರೀಕ್ಷೆ ಮಾಡಿ. ಮುಖದ ಭಾಗ ಮಾತ್ರ ಕತ್ತರಿಸಿ, ಅದನ್ನೇ ನಾಲ್ಕು ಸಲ ಪಕ್ಕಪಕ್ಕ ಇಡಿ. ಮೊದಲನೆಯದು ಇದ್ದ ಹಾಗೆ, ಎರಡನೆಯದು ಸ್ವಲ್ಪ ಬೆಳಕು ಹೆಚ್ಚು, ಮೂರು, ನಾಲ್ಕು ಇನ್ನೂ ಹೆಚ್ಚು. ಒಂದೇ ಹಾಳೆಯಲ್ಲಿ ನಾಲ್ಕೂ ಪ್ರಿಂಟ್ ಮಾಡಿ ಅರ್ಧ ಗಂಟೆ ಒಣಗಲು ಬಿಡಿ. ಒಣಗುವಾಗ ಬಣ್ಣ ಸ್ವಲ್ಪ ಬದಲಾಗುತ್ತದೆ. ಆಮೇಲೆ ಅದನ್ನ ಫೋಟೋ ಹಾಕುವ ಗೋಡೆಗೇ ಹಿಡಿದು ನೋಡಿ. ಹಗಲು ಒಮ್ಮೆ, ರಾತ್ರಿ ಲೈಟಿನಲ್ಲಿ ಒಮ್ಮೆ. ನಮ್ಮ ಮನೆಯಲ್ಲಿ ಹೆಚ್ಚಾಗಿ ಎರಡನೆಯದೋ ಮೂರನೆಯದೋ ಸರಿಹೋಗುತ್ತದೆ.

ಕಪ್ಪು ಬಿಳುಪು ಫೋಟೋದಲ್ಲಿ ಒಂದು ತೊಂದರೆ ಇದೆ. ನಾಲ್ಕು ಬಣ್ಣದ ಪ್ರಿಂಟರ್ ಬೂದು ಬಣ್ಣವನ್ನ ಬಣ್ಣಗಳಿಂದಲೇ ಕಲಸುವಾಗ ಹಸಿರು ಛಾಯೆಯೋ ನೇರಳೆ ಛಾಯೆಯೋ ಬಂದುಬಿಡುತ್ತದೆ. ಅದರ ಜೊತೆ ಗುದ್ದಾಡಬೇಡಿ. ಚಿತ್ರಕ್ಕೆ ಒಂಚೂರು ಕಂದು ಸೇರಿಸಿ, ಹಳೇ ಸ್ಟುಡಿಯೋ ಫೋಟೋದ ಹಾಗೆ. ಛಾಯೆ ಕಣ್ಣಿಗೆ ಬೀಳಲ್ಲ, ಹಳೇ ಮುಖಗಳಿಗೆ ಆ ಬಣ್ಣ ಒಪ್ಪುತ್ತದೆ ಕೂಡ.

ಕೊನೆಗೆ ಪೂರ್ತಿ ಪ್ರಿಂಟ್ ಕೊಡುವಾಗ ಕ್ವಾಲಿಟಿ "ಹೈ", ಹಾಳೆ ಒಂದೊಂದೇ. ಬಂದ ಪ್ರಿಂಟನ್ನ ಅಂಚಿನಲ್ಲಿ ಹಿಡಿದು ಎತ್ತಿ.

ಒಣಗಲಿ

ಇಲ್ಲಿ ಅವಸರ ಮಾಡಿದವರೇ ಜಾಸ್ತಿ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಆದರೆ ಇಂಕಿನ ದ್ರವ ಒಳಗಿನಿಂದ ಆವಿಯಾಗುತ್ತಲೇ ಇರುತ್ತದೆ. ಕೂಡಲೇ ಫ್ರೇಮ್ ಮಾಡಿದರೆ ಗಾಜಿನ ಒಳಬದಿಗೆ ಎಣ್ಣೆಯ ಹಾಗೆ ಮಂಜು ಕೂರುತ್ತದೆ. 24 ಗಂಟೆ ಮಲಗಿಸಿ ಇಡಿ, ಮೇಲೆ ಸಾದಾ ಕಾಗದ ಒಂದು ಮುಚ್ಚಿ. ಆ ಕಾಗದ ಅಲೆ ಅಲೆಯಾದರೆ ತೆಗೆದು ಬೇರೆ ಹಾಕಿ. ಮಳೆಗಾಲದಲ್ಲಿ ನಾನು ಮೂರು ದಿನ ಬಿಡುತ್ತೇನೆ.

ಫ್ರೇಮ್

ಒಂದೇ ನಿಯಮ: ಫೋಟೋ ಗಾಜಿಗೆ ತಾಗಬಾರದು. ಮೌಂಟ್ ಬೋರ್ಡ್ ಇರುವುದು ಅಂದಕ್ಕೆ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಅದರ ಒಂದೂವರೆ ಎರಡು ಮಿಲಿಮೀಟರ್ ದಪ್ಪವೇ ಗಾಜಿಗೂ ಫೋಟೋಗೂ ನಡುವೆ ಗಾಳಿಗೆ ಜಾಗ ಕೊಡುವುದು. ಮಗಳ ಫೋಟೋಗೆ ಅದಿದ್ದರೆ ಕೆನ್ನೆ ಉಳಿಯುತ್ತಿತ್ತು.

ಎ4 ಪ್ರಿಂಟಿಗೆ 12 × 16 ಇಂಚಿನ ಫ್ರೇಮ್ ತಗೊಳ್ಳಿ. ಸುತ್ತ ಸುಮಾರು ಎರಡು ಇಂಚು ಮೌಂಟ್ ಬರುತ್ತದೆ. ಮೌಂಟಿನ ಕಿಟಕಿಯನ್ನ ಪ್ರಿಂಟಿಗಿಂತ ನಾಲ್ಕೂ ಕಡೆ 5 ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿ. ಕತ್ತರಿಸಲು ಕೈ ಬರದಿದ್ದರೆ ಫ್ರೇಮ್ ಅಂಗಡಿಯವರೇ ಕತ್ತರಿಸಿ ಕೊಡುತ್ತಾರೆ. ಆ್ಯಸಿಡ್ ಫ್ರೀ ಬೋರ್ಡ್ ಕೇಳಿ ಪಡೆಯಿರಿ, ಸಾದಾ ರಟ್ಟು ಕೆಲವು ವರ್ಷಕ್ಕೆ ಫೋಟೋದ ಅಂಚನ್ನ ಹಳದಿ ಮಾಡುತ್ತದೆ.

ಪ್ರಿಂಟನ್ನ ಮೌಂಟಿನ ಹಿಂದೆ ಮೇಲಂಚಿಗೆ ಮಾತ್ರ ಎರಡು ತುಂಡು ಪೇಪರ್ ಟೇಪ್‌ನಿಂದ ನೇತುಹಾಕಿ. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಅಂಟಿಸಿದರೆ ಹಿಗ್ಗಲು ಜಾಗ ಸಿಗದೆ ನಡುವೆ ಉಬ್ಬುತ್ತದೆ. ಫೆವಿಕಾಲ್ ಬೇಡ, ಸೆಲ್ಲೋ ಟೇಪ್ ಬೇಡ. ಮೈದಾ ಅಂಟು ಅಂತೂ ಬೇಡವೇ ಬೇಡ. ಹಳೇ ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಪುಟ್ಟ ಹುಳಗಳಿಗೆ ಅದೇ ಊಟ.

ಮಕ್ಕಳಿರುವ ಮನೆಯಾದರೆ ಗಾಜಿಗಿಂತ ಆ್ಯಕ್ರಿಲಿಕ್ ಹಾಳೆ ಒಳ್ಳೆಯದು, ಹಗುರ, ಸುಲಭಕ್ಕೆ ಒಡೆಯಲ್ಲ. ಗೀರು ಬೇಗ ಬೀಳುತ್ತದೆ ಅಷ್ಟೆ. ಯಾವುದೇ ಇರಲಿ, ಒರೆಸುವಾಗ ದ್ರವವನ್ನ ಬಟ್ಟೆಗೆ ಹಾಕಿ, ಫ್ರೇಮಿನ ಮೇಲೆ ಸಿಂಪಡಿಸಬೇಡಿ. ಹನಿ ಕೆಳಗಿಳಿದು ಅಂಚಿನಿಂದ ಒಳಗೆ ಹೋಗುತ್ತದೆ.

ಎ4ಗಿಂತ ದೊಡ್ಡದು ಬೇಕಾ?

ಒಂದು ಫೋಟೋವನ್ನ ಮೂರು ಎ4 ಹಾಳೆಗೆ ಹಂಚಬಹುದು. ಮೇ ರಜೆಯಲ್ಲಿ ಊರಿನ ಮನೆಯ ಜಗಲಿಯಲ್ಲಿ ಎಲ್ಲರೂ ಸಾಲಾಗಿ ಕೂತ ಫೋಟೋ ಇರುತ್ತಲ್ವಾ, ಅಂಥದ್ದಕ್ಕೆ ಇದು ಹೇಳಿ ಮಾಡಿಸಿದ್ದು.

ಲೆಕ್ಕ ಹೀಗೆ. ಎ4 ನಿಂತಾಗ ಅಗಲ 210 ಮಿಲಿಮೀಟರ್, ಎತ್ತರ 297. ಮೂರು ಹಾಳೆ, ನಡುವೆ 20 ಮಿಲಿಮೀಟರಿನ ಎರಡು ಸಂದು. ಒಟ್ಟು ಅಗಲ 670. ಫೋಟೋವನ್ನ 670:297 ಆಕಾರಕ್ಕೆ ಕ್ರಾಪ್ ಮಾಡಿ. ಅಗಲ 4000 ಪಿಕ್ಸೆಲ್ ಇದ್ದರೆ ಎತ್ತರ ಸುಮಾರು 1773. ಈಗ ಎಡದಿಂದ 1254 ಪಿಕ್ಸೆಲ್ ಒಂದು ತುಂಡು, ಮುಂದಿನ 119 ಬಿಟ್ಟುಬಿಡಿ, ಮತ್ತೆ 1254, ಮತ್ತೆ 119 ಬಿಡಿ, ಕೊನೆಯ 1254. ಬಿಟ್ಟ ಭಾಗ ಗೋಡೆಯಲ್ಲಿ ಸಂದಿನ ಹಿಂದೆ ಇದ್ದ ಹಾಗೆ ಕಣ್ಣಿಗೆ ತೋರುತ್ತದೆ, ಜಗಲಿಯ ಗೆರೆ ಒಂದು ಹಾಳೆಯಿಂದ ಇನ್ನೊಂದಕ್ಕೆ ನೇರ ಹರಿಯುತ್ತದೆ. ಇಂಚಿಗೆ ಸುಮಾರು 150 ಪಿಕ್ಸೆಲ್ ಆಗುತ್ತದೆ. ಸೋಫಾದಿಂದ ನೋಡಲು ಅಷ್ಟು ಸಾಕು.

ಸಂದು ಯಾರ ಮುಖದ ಮೇಲೂ ಬರಬಾರದು. ಬರುವ ಹಾಗಿದ್ದರೆ ಕ್ರಾಪನ್ನ ಎಡಕ್ಕೋ ಬಲಕ್ಕೋ ಸರಿಸಿ. ಸರಿಸಿದರೂ ಬರುತ್ತದೆ ಅಂದರೆ ಬೇರೆ ಫೋಟೋ ನೋಡಿ. ಮೂರೂ ಹಾಳೆಗಳನ್ನ ಒಂದೇ ದಿನ, ಒಂದೇ ಸೆಟ್ಟಿಂಗಿನಲ್ಲಿ ಪ್ರಿಂಟ್ ಮಾಡಿ. ಇವಕ್ಕೆ ಫ್ರೇಮಿನ ಬದಲು 5 ಎಂಎಂ ಸನ್‌ಬೋರ್ಡ್ (ಹಗುರದ ಫೋಮ್ ಹಲಗೆ) ಮೇಲೆ ಅಗಲದ ಡಬಲ್ ಟೇಪ್‌ನಿಂದ ಅಂಟಿಸಿದರೂ ಚಂದ. ಗಾಜಿಲ್ಲದ್ದರಿಂದ ಇದು ಹೆಚ್ಚು ವರ್ಷ ಬಾಳಲ್ಲ, ಮತ್ತೆ ಪ್ರಿಂಟ್ ಮಾಡಿಕೊಳ್ಳುವ ಮನಸ್ಸಿದ್ದರೆ ಮಾಡಿ. ಒಂದೇ ಹಾಳೆಯಲ್ಲಿ ದೊಡ್ಡದು ಬೇಕಿದ್ದರೆ ಲ್ಯಾಬಿಗೆ ಕೊಡುವುದೇ ಸರಿ. ಆದರೆ ಕ್ರಾಪ್, ಬೆಳಕು ಎಲ್ಲ ಮನೆಯಲ್ಲೇ ಮುಗಿಸಿ, "ಮುಖ ಮುಟ್ಟಬೇಡಿ" ಅಂತ ಹೇಳಿ ಕೊಡಿ.

ಗೋಡೆಗೆ ಏರಿಸುವುದು

ಫೋಟೋದ ನಡುಭಾಗ ನೆಲದಿಂದ ಸುಮಾರು 57 ಇಂಚು ಇರಲಿ, ನಿಂತವರ ಕಣ್ಣಿನ ಮಟ್ಟ. ಸೋಫಾದ ಮೇಲೆ ಆದರೆ ಅದರ ಬೆನ್ನಿನಿಂದ ಏಳೆಂಟು ಇಂಚು ಮೇಲೆ. ಅಮ್ಮನ ಮಂಚದ ಎದುರು ಹಾಕುವ ಫೋಟೋವನ್ನ ನಾನು ಇನ್ನೂ ಕೆಳಗೆ ಹಾಕಿದ್ದೇನೆ. ಅವರು ಕೂತೇ ನೋಡುವುದು.

ಫ್ರೇಮನ್ನ ಪೇಪರಿನ ಮೇಲೆ ಇಟ್ಟು ಗೆರೆ ಎಳೆಯಿರಿ, ಕೊಕ್ಕೆ ಬರುವ ಜಾಗ ಗುರುತು ಮಾಡಿ, ಪೇಪರನ್ನ ಗೋಡೆಗೆ ಅಂಟಿಸಿ ಅದರ ಮೇಲೇ ಡ್ರಿಲ್ ಮಾಡಿ. 6 ಎಂಎಂ ಬಿಟ್, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಗಿಟ್ಟಿ, ಸ್ಕ್ರೂ. ಇಟ್ಟಿಗೆಯಾದರೆ ಕೆಂಪು ಪುಡಿ ಬರುತ್ತದೆ, ಸಲೀಸು. ಬೂದು ಪುಡಿ ಬಂದು ಬಿಟ್ ಮುಂದೆ ಹೋಗದಿದ್ದರೆ ಅದು ಕಾಂಕ್ರೀಟ್ ಬೀಮ್ ಅಥವಾ ಕಂಬ, ಬಲ ಹಾಕದೆ ಜಾಗ ಬದಲಿಸಿ. ಮಧ್ಯಾಹ್ನ ಡ್ರಿಲ್ ಮಾಡಲು ಸೊಸೈಟಿ ಬಿಡುತ್ತದಾ ಅಂತ ವಾಚ್‌ಮನ್ ಹತ್ತಿರ ಮೊದಲೇ ಕೇಳಿ.

ಬಾಡಿಗೆ ಮನೆಯಾಗಿ ಮಾಲೀಕರು ತೂತು ಬೇಡ ಅಂದರೆ ಅಂಟುಪಟ್ಟಿಗಳು ಸಿಗುತ್ತವೆ. ಗೋಡೆಗೆ ಕೈ ಉಜ್ಜಿ ನೋಡಿ. ಅಂಗೈಗೆ ಬಿಳಿ ಪುಡಿ ಹತ್ತಿದರೆ ಪಟ್ಟಿ ನಿಲ್ಲಲ್ಲ, ನಡುರಾತ್ರಿ ಫ್ರೇಮ್ ಕೆಳಗೆ ಬೀಳುತ್ತದೆ. ಅಂಥ ಮನೆಯಲ್ಲಿ ಕಪಾಟಿನ ಮೇಲೆ, ಶೋಕೇಸಿನಲ್ಲಿ ಒರಗಿಸಿ ಇಡಿ.

ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕುರ್ಚಿ ಕಾಲಿಗೆ ಹಾಕುವವು ಸಿಗುತ್ತವೆ, ಅವೇ ಆಗುತ್ತದೆ. ಗೋಡೆಗೂ ಫ್ರೇಮಿಗೂ ನಡುವೆ ಅರ್ಧ ಬೆರಳು ಜಾಗ ಉಳಿದು ಗಾಳಿ ಆಡುತ್ತದೆ. ಇದನ್ನ ಮಾಡಿದ ಮೇಲೆ ನಮ್ಮ ಮನೆಯಲ್ಲಿ ಬೂಸ್ಟು ಬಂದಿಲ್ಲ. ಆದರೂ ಪ್ರತಿ ವರ್ಷ ಮಳೆ ಮುಗಿದ ಮೇಲೆ, ದಸರಾಕ್ಕೆ ಮನೆ ಒರೆಸುವಾಗ, ಒಂದೊಂದೇ ಫ್ರೇಮ್ ಇಳಿಸಿ ಬೆನ್ನು ನೋಡಿ. ಮೂಲ ಫೈಲುಗಳನ್ನ ಎರಡು ಕಡೆ ಇಟ್ಟಿರಿ, ಹಾಳಾದರೆ ಮತ್ತೊಂದು ಪ್ರಿಂಟ್ ತೆಗೆಯಬಹುದು.

ಗೋಡೆಗೆ ಏರಿಸುವ ಮೊದಲು ಹಿಂದಿನ ರಟ್ಟಿನ ಮೇಲೆ ಬರೆಯಿರಿ. ಫೋಟೋ ಹಿಂದೆ ಬೇಡ, ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ. ರಟ್ಟಿನ ಮೇಲೆ, ಪೆನ್ಸಿಲಿನಲ್ಲಿ. ಎಡದಿಂದ ಬಲಕ್ಕೆ ಹೆಸರು, ಊರು, ವರ್ಷ. ಅಪ್ಪನ ಹಳೇ ಟ್ರಂಕಿನಲ್ಲಿ ಇನ್ನೊಂದು ಫೋಟೋ ಆಮೇಲೆ ಸಿಕ್ಕಿತು. ಹೋಟೆಲಿನ ಮುಂದೆ ಆರು ಹುಡುಗರು, ಎಲ್ಲರಿಗೂ ಒಂದೇ ಥರದ ಅರ್ಧ ತೋಳಿನ ಅಂಗಿ. ಹಿಂದೆ ಏನೂ ಬರೆದಿರಲಿಲ್ಲ. ಅದನ್ನೂ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ಒಬ್ಬೊಬ್ಬರ ಮೇಲೆ ಬೆರಳಿಟ್ಟು ನಾಲ್ವರ ಹೆಸರು ಹೇಳಿದರು. ಇಬ್ಬರು ಕುಂದಾಪುರದವರು, ಒಬ್ಬರು ಕಾರ್ಕಳದವರು, ನಾಲ್ಕನೆಯವರು ಅಪ್ಪ. ರಟ್ಟಿನ ಹಿಂದೆ ಈಗ ನಾಲ್ಕು ಹೆಸರಿವೆ. ಕೆಳಗೆ ಎರಡು ಗೆರೆ ಖಾಲಿ ಬಿಟ್ಟಿದ್ದೇನೆ, ಊರಿಂದ ಯಾರಾದರೂ ಬಂದಾಗ ಇಳಿಸಿ ತೋರಿಸಿ ಕೇಳುತ್ತೇವೆ.